ಹಳೇ ಗಾಡಿ ಇದ್ದಕ್ಕಿದ್ದಂಗೆ ಎಳೆಯೋದು ನಿಲ್ಸಿದ್ರೆ ಈ ಪುಟ್ಟ ಒಬಿಡಿ ಡಾಂಗಲ್ ಎಷ್ಟರ ಮಟ್ಟಿಗೆ ಕೈ ಹಿಡಿಯುತ್ತೆ

ಇಎಲ್‌ಎಂ327 ಅನ್ನೋ ಹೆಸರಲ್ಲಿ ಸಿಗೋ ಬೆಂಕಿಪೊಟ್ಟಣದಷ್ಟು ಬ್ಲೂಟೂತ್ ಡಾಂಗಲ್, ಅಂದ್ರೆ ಕಾರಿನ ಒಬಿಡಿ (ಇಂಜಿನ್ ತನ್ನ ತೊಂದರೆ ತಾನೇ ಹೇಳೋ ವ್ಯವಸ್ಥೆ) ಸಾಕೆಟ್‌ಗೆ ಸಿಕ್ಸೋ ಸಾಧನ ಇದ್ಯಲ್ಲ, ಅದನ್ನ ಒಂದೇ ಒಂದು ಕೆಲಸಕ್ಕೆ ಇಟ್ಕೊಂಡು ನೋಡಿ ಈ ರಿವ್ಯೂ ಬರೀತಿದೀನಿ. ಹಳೇ ಪೆಟ್ರೋಲ್ ಕಾರು, ಚೆನ್ನಾಗೇ ಓಡ್ತಿರುತ್ತೆ, ಏರಲ್ಲೋ ಓವರ್‌ಟೇಕ್ ಮಾಡುವಾಗ್ಲೋ ಇದ್ದಕ್ಕಿದ್ದಂಗೆ ಪಿಕಪ್ ಸತ್ತೋಗುತ್ತೆ, ಆಕ್ಸಿಲರೇಟರ್ ಎಷ್ಟು ಒತ್ತಿದ್ರೂ ಎಳೆಯಲ್ಲ, ಸ್ವಲ್ಪ ಹೊತ್ತು ನಿಲ್ಸಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಏನೂ ಆಗೇ ಇಲ್ವೇನೋ ಅನ್ನೋ ಥರ ಓಡುತ್ತೆ. ಈ ಕಾಯಿಲೆಯ ಕಾರಣ ಹುಡ್ಕೋಕೆ ಡಾಂಗಲ್ ಉಪಯೋಗಕ್ಕೆ ಬರುತ್ತಾ ಅಂದ್ರೆ, ಖಂಡಿತ ಬರುತ್ತೆ. ಆದ್ರೆ ಡಬ್ಬಿ ಮೇಲೆ ದೊಡ್ಡ ಅಕ್ಷರದಲ್ಲಿ ಬರ್ದಿರೋ ಕೆಲಸಕ್ಕಲ್ಲ. ಎರರ್ ಕೋಡ್ ಓದುತ್ತೆ, ಚೆಕ್ ಇಂಜಿನ್ ಲೈಟ್ ಆರ್ಸುತ್ತೆ ಅಂತ ಅದನ್ನ ಮಾರ್ತಾರೆ, ಪಿಕಪ್ ಹೋಗೋ ಕಾಯಿಲೆಯಲ್ಲಿ ಇವೆರಡರಿಂದ ಸಿಗೋ ಲಾಭ ತುಂಬಾ ಕಮ್ಮಿ. ಓಡ್ತಿರೋ ಇಂಜಿನ್‌ನ ಸೆನ್ಸರ್‌ಗಳು ಆ ಕ್ಷಣಕ್ಕೆ ಏನು ಹೇಳ್ತಿವೆ ಅನ್ನೋದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಡುತ್ತಲ್ಲ, ಅದರ ನಿಜವಾದ ಬೆಲೆ ಇರೋದು ಅಲ್ಲಿ.

ನಿಮ್ಮ ಗಾಡಿಗೆ ಹೊಂದುತ್ತಾ ಅಂತ ಮೊದ್ಲು ನೋಡ್ಕೊಳ್ಳಿ. ಡ್ಯಾಶ್‌ಬೋರ್ಡ್ ಕೆಳಗೆ, ಸ್ಟೇರಿಂಗ್ ಹತ್ರ, 16 ಪಿನ್‌ನ ಒಂದು ಸಾಕೆಟ್ ಇರಬೇಕು. ಸಾಕೆಟ್ ಇದ್ದ ಮಾತ್ರಕ್ಕೆ ಒಳಗಡೆ ಒಬಿಡಿ-2 ಭಾಷೆನೇ ಇರುತ್ತೆ ಅಂತಿಲ್ಲ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಇದು ಕಡ್ಡಾಯ ಆಯ್ತು, ಯುರೋಪಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ, ಬೇರೆ ಕಡೆ ಇನ್ನೂ ತಡವಾಗಿ. ಅದಕ್ಕಿಂತ ಹಳೇದಾದ್ರೆ ಡಾಂಗಲ್ ಕನೆಕ್ಟೇ ಆಗ್ದೆ ಇರಬಹುದು, ಆಗ ಕೆಳಗೆ ಹೇಳಿರೋ ವ್ಯಾಕ್ಯೂಮ್ ಗೇಜ್ ಮತ್ತು ಮಲ್ಟಿಮೀಟರ್ ಭಾಗ ಮಾತ್ರ ನಿಮ್ಗೆ. ಕಾರ್ಬ್ಯುರೇಟರ್ ಗಾಡಿಗೆ ಅಂತೂ ಇದನ್ನ ತಗೋಳ್ಳೋ ಮಾತೇ ಇಲ್ಲ.

ಪಿಕಪ್ ಹೋದ್ರೂ ಚೆಕ್ ಇಂಜಿನ್ ಲೈಟ್ ಯಾಕೆ ಬರಲ್ಲ ಅಂತ ತುಂಬಾ ಜನ ಕೇಳ್ತಾರೆ. ಲೈಟ್ ಬಂದಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ ಅಲ್ಲ. ಇಂಜಿನ್ ಕಂಟ್ರೋಲ್ ಯೂನಿಟ್‌ಗೆ ಗೊತ್ತಾಗೋದು ಸೆನ್ಸರ್ ವೈರ್ ಕಟ್ಟಾಗಿದ್ಯಾ, ರೀಡಿಂಗ್ ಮಿತಿ ದಾಟಿದ್ಯಾ, ಮಿಶ್ರಣ ಸರಿ ಮಾಡೋಕೆ ತನ್ನ ಕೈಲಿ ಆಗದಷ್ಟು ದೂರ ಹೋಗಿದ್ಯಾ, ಸಿಲಿಂಡರ್ ಮಿಸ್ಸಿಂಗ್ ಹೊಡೀತಿದ್ಯಾ, ಇಂಥವು ಮಾತ್ರ. ಪೆಟ್ರೋಲ್ ಒತ್ತಡ ಅಳೆಯೋ ಸೆನ್ಸರ್ ಮಾಮೂಲಿ ಹಳೇ ಗಾಡಿಗಳಲ್ಲಿ ಇರೋದೇ ಇಲ್ಲ, ಸೈಲೆನ್ಸರ್ ಒಳಗೆ ಹೊಗೆ ಕಟ್ಕೊಂಡಿದ್ಯಾ ಅಂತ ನೋಡೋ ಸೆನ್ಸರೂ ಇಲ್ಲ. ಅದೂ ಅಲ್ದೆ ಪೆಡಲ್ ಪೂರ್ತಿ ಒತ್ತಿದಾಗ ಇಂಜಿನ್ ಓಪನ್ ಲೂಪ್‌ಗೆ ಹೋಗುತ್ತೆ, ಅಂದ್ರೆ ಹೊಗೆಯಲ್ಲಿ ಉಳಿದಿರೋ ಆಕ್ಸಿಜನ್ ಅಳೆಯೋ ಆಕ್ಸಿಜನ್ ಸೆನ್ಸರ್ ಮಾತು ಕೇಳೋದನ್ನ ಬಿಟ್ಟು ತನ್ನ ಮೆಮೊರಿಯಲ್ಲಿರೋ ಲೆಕ್ಕದ ಪ್ರಕಾರ ಪೆಟ್ರೋಲ್ ಹಾಕುತ್ತೆ, ಆ ಹೊತ್ತಲ್ಲಿ ಪೆಟ್ರೋಲ್ ಕಮ್ಮಿ ಬಿದ್ರೂ ಅದು ತಿದ್ದಕ್ಕೂ ಹೋಗಲ್ಲ, ಕೋಡ್ ಹಾಕೋಕೂ ಹೋಗಲ್ಲ. ಪಿಕಪ್ ಸಾಯೋದು ಬಹುಪಾಲು ಆ ಹೊತ್ತಲ್ಲೇ.

ಕೋಡ್ ಇದ್ರೆ ಮಾತ್ರ ದಯವಿಟ್ಟು ಮೊದಲ ದಿನವೇ ಅಳಿಸ್ಬೇಡಿ. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ. ಆ್ಯಪಲ್ಲಿ ಕ್ಲಿಯರ್ ಬಟನ್ ಎದ್ದು ಕಾಣೋ ಹಾಗೆ ಇಟ್ಟಿರ್ತಾರೆ, ಒತ್ತಿದ್ ತಕ್ಷಣ ಲೈಟ್ ಆರೋಗುತ್ತೆ, ಜೊತೆಗೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತೆ. ಫ್ರೀಜ್ ಫ್ರೇಮ್ ಅಂದ್ರೆ ಕೋಡ್ ಬಿದ್ದ ಆ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟು, ಕೂಲೆಂಟ್ ಎಷ್ಟು ಬಿಸಿ, ಸ್ಪೀಡ್ ಎಷ್ಟು ಅನ್ನೋ ಒಂದು ದಾಖಲೆ. ಕಾಯಿಲೆ ಯಾವಾಗ್ಲೋ ಒಮ್ಮೆ ಬರೋ ಗಾಡಿಗೆ ಇದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ. ಅದರ ಜೊತೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದ್ರೆ ಇಂಜಿನ್ ಇಷ್ಟು ದಿನ ಓಡಿ ಕಲ್ತಿರೋ ತಿದ್ದುಪಡಿ, ಅದೂ ಸಾಮಾನ್ಯವಾಗಿ ಅಳಿಸೋಗುತ್ತೆ. ಎಲ್ಲಾ ಸ್ಕ್ರೀನ್‌ಶಾಟ್ ತೆಗ್ದು ಇಟ್ಕೊಳ್ಳಿ, ಪೆಂಡಿಂಗ್ ಕೋಡ್ (ಇನ್ನೂ ಲೈಟ್ ಹತ್ತಿಸದ, ಅನುಮಾನದ ಮಟ್ಟದಲ್ಲಿರೋ ಕೋಡ್) ಅನ್ನೋ ಇನ್ನೊಂದು ಪಟ್ಟಿ ಇರುತ್ತೆ ಅದನ್ನೂ ನೋಡಿ, ಆಮೇಲೆ ಮುಂದಿನ ಮಾತು. ಕೋಡ್ ಹೆಸರು ನೋಡ್ಕೊಂಡು ಪಾರ್ಟ್ ತಗೋಳ್ಳೋದೂ ಬೇಡ. ಪಿ0171 ಬಂದ್ರೆ ಮಿಶ್ರಣ ತೆಳುವಾಗಿದೆ, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಅಂತ ಅಷ್ಟೇ ಅರ್ಥ, ಆಕ್ಸಿಜನ್ ಸೆನ್ಸರ್ ಬದಲಾಯ್ಸಿ ಅಂತಲ್ಲ, ಆ ಸೆನ್ಸರ್ ಪಾಪ ನಿಜ ಹೇಳ್ತಿರುತ್ತೆ.

ಗಾಡಿ ಸ್ಟಾರ್ಟ್ ಮಾಡೋಕೆ ಮುಂಚೆನೇ ಡಾಂಗಲ್‌ನಿಂದ ಕೆಲವು ವಿಷಯ ತಿಳ್ಕೋಬಹುದು, ಇದು ನಂಗೆ ತುಂಬಾ ಇಷ್ಟ ಆದ ಉಪಯೋಗ. ಕೀ ಆನ್ ಮಾಡಿ, ಇಂಜಿನ್ ಆಫ್ ಇರ್ಲಿ. ಮ್ಯಾಪ್ ಸೆನ್ಸರ್ (ಇನ್‌ಟೇಕ್ ಒಳಗಿನ ಗಾಳಿಯ ಒತ್ತಡ ಅಳೆಯೋದು) ಇರೋ ಗಾಡಿಯಾದ್ರೆ ಅದು ಈಗ ಹೊರಗಿನ ವಾತಾವರಣದ ಒತ್ತಡ ತೋರಿಸ್ಬೇಕು, ಸಮುದ್ರ ಮಟ್ಟದಲ್ಲಿ 100 ಕಿಲೋಪ್ಯಾಸ್ಕಲ್ ಆಸುಪಾಸು, ಸಾವಿರ ಮೀಟರ್ ಎತ್ತರದಲ್ಲಿ 90ರ ಹತ್ರ. 70 ಅಂತ ತೋರಿಸ್ತಿದ್ರೆ ಸೆನ್ಸರ್ರೇ ಸುಳ್ಳು ಹೇಳ್ತಿದೆ, ಗಾಳಿ ಕಮ್ಮಿ ಅಂತ ತಿಳ್ಕೊಂಡು ಇಂಜಿನ್ ಪೆಟ್ರೋಲೂ ಕಮ್ಮಿ ಹಾಕುತ್ತೆ. ರಾತ್ರಿಯೆಲ್ಲಾ ನಿಂತಿದ್ದ ಗಾಡಿಯಲ್ಲಿ ಕೂಲೆಂಟ್ ಟೆಂಪರೇಚರೂ ಒಳಗೆ ಬರೋ ಗಾಳಿಯ ಟೆಂಪರೇಚರೂ ಹತ್ತಿರ ಹತ್ತಿರ ಒಂದೇ ಇರ್ಬೇಕು. ಆಮೇಲೆ ಪೆಡಲ್ ಮೆಲ್ಲಗೆ ಪೂರ್ತಿ ಒತ್ತಿ ಥ್ರಾಟಲ್ ಪೊಸಿಶನ್ ನೋಡಿ. ಕೇಬಲ್ ಇರೋ ಗಾಡಿಗಳಲ್ಲಿ ಕೆಲವು 100 ತೋರಿಸಲ್ಲ, 80ರ ಮೇಲೆ ಬಂದ್ರೂ ಸರಿ, ಆದ್ರೆ ಏರ್ತಾ ಏರ್ತಾ ಮಧ್ಯೆ ಎಲ್ಲೂ ದಬಕ್ಕಂತ ಬೀಳಬಾರ್ದು. 50-60ಕ್ಕೇ ನಿಂತ್ರೆ ಮೊದ್ಲು ಫ್ಲೋರ್ ಮ್ಯಾಟ್ ಪೆಡಲ್ ಕೆಳಗೆ ಮಡಚಿಕೊಂಡಿದ್ಯಾ ನೋಡಿ, ಆಮೇಲೆ ಕೇಬಲ್ ಸಡಿಲ ಆಗಿದ್ಯಾ ನೋಡಿ. ದಪ್ಪ ಮ್ಯಾಟ್ ಹಾಕಿದ ಮೇಲೆ ಪಿಕಪ್ ಹೋಯ್ತು ಅನ್ನೋ ಗಾಡಿಗಳು ನಿಜವಾಗ್ಲೂ ಇವೆ.

ಇನ್ನು ಓಡಿಸ್ಕೊಂಡು ನೋಡೋ ಭಾಗ. ಒಬ್ರು ಓಡಿಸ್ಬೇಕು, ಫೋನ್ ಇನ್ನೊಬ್ರ ಕೈಲಿರ್ಬೇಕು, ಇಲ್ಲಾ ರೆಕಾರ್ಡಿಂಗ್ ಹಾಕಿ ಫೋನ್ ಪಕ್ಕಕ್ಕಿಟ್ಟು ಮನೆಗೆ ಬಂದು ನೋಡ್ಬೇಕು. ಏರಲ್ಲಿ ಪಿಕಪ್ ಸಾಯ್ತಿರೋ ಗಾಡಿ ಓಡಿಸ್ಕೊಂಡು ಗ್ರಾಫ್ ನೋಡೋ ಸಾಹಸ ಬೇಡವೇ ಬೇಡ.

ಮೊದ್ಲು ಆರ್‌ಪಿಎಂ ಮತ್ತು ಸ್ಪೀಡ್ ಎರಡನ್ನೇ ಗ್ರಾಫ್‌ಗೆ ಹಾಕಿ. ಮ್ಯಾನುಯಲ್ ಗಾಡಿಯಲ್ಲಿ ಒಂದೇ ಗೇರಲ್ಲಿ ಇರೋವರೆಗೂ ಎರಡೂ ಗೆರೆ ಜೊತೆಯಾಗೇ ಏರ್ಬೇಕು. ಆರ್‌ಪಿಎಂ ಜಿಗಿದು ಸ್ಪೀಡ್ ಅಲ್ಲೇ ಇದ್ರೆ ಕ್ಲಚ್ ಸ್ಲಿಪ್ ಆಗ್ತಿದೆ, ಇಂಜಿನ್ ಬಿಚ್ಚೋ ಅವಶ್ಯಕತೆನೇ ಇಲ್ಲ. ಕೇಳೋಕೆ ಸಣ್ಣ ವಿಷಯ, ಆದ್ರೆ ಪಿಕಪ್ ಇಲ್ಲ ಅಂತ ಪ್ಲಗ್ಗು ಕಾಯಿಲ್ಲು ಇಂಜೆಕ್ಟರ್ ಕ್ಲೀನಿಂಗು ಎಲ್ಲಾ ಮಾಡ್ಸಿ ಕೊನೆಗೆ ಕ್ಲಚ್ ಪ್ಲೇಟ್ ಬದಲಾಯ್ಸಿದವ್ರು ಕಮ್ಮಿ ಇಲ್ಲ.

ಇಂಜಿನ್ನೇ ಎಳೀತಿಲ್ಲ ಅಂತ ಗ್ಯಾರಂಟಿ ಆದ ಮೇಲೆ ಕೇಳ್ಕೋಬೇಕಾದ ಪ್ರಶ್ನೆ ಒಂದೇ: ಪೆಟ್ರೋಲ್ ಸಾಲ್ತಿಲ್ವಾ, ಗಾಳಿ ಸಾಲ್ತಿಲ್ವಾ. ಕಿಡಿಯ ವಿಷಯ ಆಮೇಲೆ, ಯಾಕಂದ್ರೆ ಕಿಡಿ ಹೋದ್ರೆ ಗಾಡಿ ಸಾಮಾನ್ಯವಾಗಿ ಮಿಸ್ಸಿಂಗ್ ಹೊಡ್ದು ನಡುಗುತ್ತೆ, ಅದು ಸೀಟಲ್ಲಿ ಕೂತವ್ರಿಗೇ ಗೊತ್ತಾಗುತ್ತೆ, ಕೋಡೂ ಪಿ0300 ಸಾಲಿಂದು ಬೀಳುತ್ತೆ. ನಡುಗದೆ, ಸದ್ದು ಮಾಡದೆ, ಸುಮ್ನೆ ದಮ್ಮು ಹೋದಂಗೆ ಆಗೋದು ಮೊದಲ ಎರಡರಿಂದ್ಲೇ ಹೆಚ್ಚು.

ನನ್ನ ಗಾಡಿಯಲ್ಲಿ ಆಗಿದ್ದನ್ನೇ ಹೇಳ್ತೀನಿ, ಡಾಂಗಲ್ ಹೇಗೆ ದಾರಿ ತೋರಿಸ್ತು ಅಂತ ಇದ್ರಲ್ಲಿ ಚೆನ್ನಾಗಿ ಗೊತ್ತಾಗುತ್ತೆ. 1.6 ಲೀಟರ್ ಪೆಟ್ರೋಲ್ ಇಂಜಿನ್, ಒಳಗೆ ಬರೋ ಗಾಳಿ ಅಳೆಯೋ ಏರ್‌ಫ್ಲೋ ಸೆನ್ಸರ್ ಇರೋದು, ತಣ್ಣಗಿದ್ದಾಗ ಸೊಗಸಾಗಿ ಓಡ್ತಿತ್ತು, ಅರ್ಧ ಗಂಟೆ ಓಡಿದ ಮೇಲೆ ಉದ್ದ ಏರು ಬಂದ್ರೆ ಮೂರನೇ ಗೇರಲ್ಲಿ ಕೂಡ ಏರ್ತಿರ್ಲಿಲ್ಲ. ಲೈಟ್ ಇಲ್ಲ, ಕೋಡ್ ಇಲ್ಲ. ಗ್ಯಾರೇಜಲ್ಲಿ ಗಾಡಿ ನಿಂತಲ್ಲೇ ಎರಡು ಸಲ ರೇಸ್ ಮಾಡಿ ನೋಡಿ ಪಂಪ್ ಹೋಗಿದೆ ಸರ್, ಹಾಕ್ಬಿಡೋಣ ಅಂದ್ರು. ನಾನು ಮೊದ್ಲು ರೆಕಾರ್ಡಿಂಗ್ ನೋಡೋಣ ಅಂತ ವಾಪಸ್ ಬಂದೆ. ಐಡಲಲ್ಲಿ ಶಾರ್ಟ್ ಟರ್ಮ್ (ಆ ಕ್ಷಣದ ತಿದ್ದುಪಡಿ), ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಎರಡೂ ಸೇರಿ 3-4 ಪರ್ಸೆಂಟ್, ಅಂದ್ರೆ ಆರೋಗ್ಯವಾಗಿದೆ, 10ರ ಒಳಗಿದ್ರೆ ಯೋಚನೆ ಮಾಡ್ಬೇಕಿಲ್ಲ. ಅರ್ಧ ಪೆಡಲಲ್ಲಿ ಏರು ಹತ್ತೋವಾಗ ಅದೇ ಟ್ರಿಮ್ ಮೆಲ್ಲಗೆ ಏರ್ತಾ 18ಕ್ಕೆ ಹೋಯ್ತು, ಅಂದ್ರೆ ಮಿಶ್ರಣ ತೆಳುವಾಗ್ತಿದೆ ಅಂತ ಇಂಜಿನ್ ಅಷ್ಟು ಜಾಸ್ತಿ ಪೆಟ್ರೋಲ್ ಹಾಕೋಕೆ ನೋಡ್ತಿತ್ತು. ಪೂರ್ತಿ ಪೆಡಲ್ ಒತ್ತಿದಾಗ ಮುಂದಿನ ಆಕ್ಸಿಜನ್ ಸೆನ್ಸರ್ ವೋಲ್ಟೇಜ್ 0.8, 0.9 ಹತ್ರ ಹೋಗಿ ಕೂರ್ಬೇಕು, ಆಗ ಮಿಶ್ರಣ ದಪ್ಪ ಇದೆ ಅಂತ ಅರ್ಥ. ನನ್ನ ಗ್ರಾಫಲ್ಲಿ ಮೊದಲು 0.85 ಇತ್ತು, ಪಿಕಪ್ ಸತ್ತ ಅದೇ ಜಾಗದಲ್ಲಿ ಗೆರೆ ಧಡಾರಂತ ಕೆಳಗೆ ಬಿದ್ದು 0.1ರಲ್ಲಿ ಮಲ್ಕೊಂಡಿತ್ತು. ಪೆಡಲ್ ಪೂರ್ತಿ ಒತ್ತಿರುವಾಗ 0.1 ಅಂದ್ರೆ ಇಂಜಿನ್‌ಗೆ ಪೆಟ್ರೋಲ್ ಸಿಕ್ತಿಲ್ಲ, ಬೇರೆ ಅರ್ಥ ಹುಡುಕೋದು ಕಷ್ಟ.

ಐಡಲಲ್ಲಿ ಸರಿ ಇದ್ದು ಲೋಡ್ ಬಿದ್ದಾಗ ಮಾತ್ರ ಟ್ರಿಮ್ ಏರೋದು, ಮತ್ತೆ ಐಡಲಲ್ಲಿ ಜಾಸ್ತಿ ಇದ್ದು ಆರ್‌ಪಿಎಂ ಏರಿದ ಹಾಗೆ ಇಳಿಯೋದು, ಈ ಎರಡನ್ನ ಬೇರೆ ಬೇರೆ ಮಾಡಿ ನೋಡೋದು ಕಲ್ತ್ರೆ ಅರ್ಧ ಕೆಲಸ ಮುಗೀತು. ಎರಡನೇದು ವ್ಯಾಕ್ಯೂಮ್ ಲೀಕ್, ಯಾವ್ದೋ ಹೋಸ್ ಸೀಳಿದೆ, ಇಲ್ಲಾ ಇನ್‌ಟೇಕ್ ಗ್ಯಾಸ್ಕೆಟ್ ಹೋಗಿದೆ. ಐಡಲಲ್ಲಿ ಒಳಗೆ ಬರೋ ಗಾಳಿನೇ ಕಮ್ಮಿ ಆದ್ದರಿಂದ ಕಳ್ಳಗಾಳಿಯ ಪಾಲು ದೊಡ್ಡದಾಗಿ ಕಾಣುತ್ತೆ, ಥ್ರಾಟಲ್ ತೆರೆದ್ರೆ ಅದು ಲೆಕ್ಕಕ್ಕೇ ಬರಲ್ಲ. ಮೊದಲನೇದಕ್ಕೆ ಕಾರಣ ಎರಡು ಇರಬಹುದು, ಪೆಟ್ರೋಲ್ ನಿಜವಾಗ್ಲೂ ಕಮ್ಮಿ ಬರ್ತಿದೆ, ಇಲ್ಲಾ ಏರ್‌ಫ್ಲೋ ಸೆನ್ಸರ್ ಕೊಳೆ ಹಿಡ್ದು ಗಾಳಿನ ಕಮ್ಮಿ ಲೆಕ್ಕ ಹಾಕ್ತಿದೆ. ಇದನ್ನ ಬಿಡಿಸೋಕೂ ಡಾಂಗಲ್ ಸಾಕು. 1.6 ಲೀಟರ್ ಇಂಜಿನ್ 5000 ಆರ್‌ಪಿಎಂನಲ್ಲಿ ಪೂರ್ತಿ ಥ್ರಾಟಲಲ್ಲಿ ಸೆಕೆಂಡಿಗೆ ಸುಮಾರು 67 ಲೀಟರ್ ಗಾಳಿ ನುಂಗೋ ಜಾಗ ಇರುತ್ತೆ, ಅದನ್ನ ಗ್ರಾಂಗೆ ತಂದು, ಇಂಜಿನ್ ಪೂರ್ತಿ ತುಂಬ್ಕೊಳ್ಳಲ್ಲ ಅಂತ ಸ್ವಲ್ಪ ಕಳೆದ್ರೆ ಸೆಕೆಂಡಿಗೆ 60ರಿಂದ 70 ಗ್ರಾಂ ಬರ್ಬೇಕು. ನಂದು ತಣ್ಣಗಿದ್ದಾಗ 64 ಬಂತು, ಅಂದ್ರೆ ಏರ್‌ಫ್ಲೋ ಸೆನ್ಸರ್ ನಿಜ ಹೇಳ್ತಿದೆ, ಇಂಜಿನ್ ಉಸಿರಾಡೋದು ಚೆನ್ನಾಗಿದೆ, ಏರ್ ಫಿಲ್ಟರ್, ಸೈಲೆನ್ಸರ್ ಎರಡೂ ಪಾಸ್. ಉಳಿದಿದ್ದು ಪೆಟ್ರೋಲ್ ದಾರಿ.

ಇಲ್ಲಿಂದ ಮುಂದೆ ಡಾಂಗಲ್ ಕೈ ಎತ್ತುತ್ತೆ, ಅದನ್ನ ಒಪ್ಕೋಬೇಕು. ಪೆಟ್ರೋಲ್ ಕಮ್ಮಿ ಬರ್ತಿದೆ ಅಂತ ಹೇಳುತ್ತೆ, ಯಾಕೆ ಅಂತ ಹೇಳಲ್ಲ. ಫಿಲ್ಟರ್ ಕಟ್ಟಿರಬಹುದು, ಪಂಪ್ ಸವೆದಿರಬಹುದು, ರೆಗ್ಯುಲೇಟರ್ ಇರಬಹುದು, ಟ್ಯಾಂಕ್ ಒಳಗೆ ಗಾಳಿ ಹೋಗೋ ದಾರಿ ಮುಚ್ಚಿ ಪಂಪ್ ಎಳೆದಷ್ಟೂ ನಿರ್ವಾತ ಆಗ್ತಿರಬಹುದು. ಕೊನೇದನ್ನ ಪರೀಕ್ಷೆ ಮಾಡೋದು ಸುಲಭ, ಪಿಕಪ್ ಹೋದ ಕೂಡ್ಲೇ ಗಾಡಿ ಪಕ್ಕಕ್ಕೆ ಹಾಕಿ ಟ್ಯಾಂಕ್ ಮುಚ್ಚಳ ತೆಗೀರಿ, ಗಾಳಿ ಒಳಗೆ ಜೋರಾಗಿ ಎಳ್ಕೊಂಡು ಆಮೇಲೆ ಗಾಡಿ ಸರಿಯಾಗಿ ಓಡಿದ್ರೆ ಅದೇ. ನಂದು ಅದಲ್ಲ. ಪೆಟ್ರೋಲ್ ಪ್ರೆಶರ್ ಗೇಜ್ ಹಾಕಿಸ್ದೆ, ಐಡಲಲ್ಲಿ 3 ಬಾರ್ ಗಟ್ಟಿಯಾಗಿ ನಿಂತಿತ್ತು. ಗ್ಯಾರೇಜಲ್ಲಿ ನಿಲ್ಸಿ ಅಷ್ಟು ಮಾತ್ರ ನೋಡಿದ್ರೆ ಪಂಪ್ ಚೆನ್ನಾಗಿದೆ ಅನ್ನಬೇಕಾಗ್ತಿತ್ತು. ಗೇಜ್‌ನ ಹೊರಗಡೆನೇ, ವಿಂಡ್‌ಶೀಲ್ಡ್ ಮೇಲೆ ವೈಪರ್‌ಗೆ ಸಿಕ್ಸಿ ಟೇಪ್ ಹಾಕಿ ಓಡಿಸ್ಕೊಂಡು ಹೋದಾಗ, ಏರಲ್ಲಿ ಮುಳ್ಳು 3ರಿಂದ ಇಳೀತಾ ಇಳೀತಾ 2ಕ್ಕಿಂತ ಕೆಳಗೆ ಬಂತು. ಪೆಟ್ರೋಲ್ ಇರೋ ಪೈಪ್‌ನ ಯಾವತ್ತೂ ಕ್ಯಾಬಿನ್ ಒಳಗೆ ತರಬೇಡಿ, ಗೇಜ್ ಹಾಕೋ ಮುಂಚೆ ಪಂಪ್ ಫ್ಯೂಸ್ ತೆಗೆದು ಇಂಜಿನ್ ತಾನಾಗೇ ಆಫ್ ಆಗೋವರೆಗೂ ಓಡ್ಸಿ ಒತ್ತಡ ಇಳ್ಸಿ, ಬಿಸಿ ಇಂಜಿನ್ ಮೇಲೆ ಈ ಕೆಲಸಕ್ಕೆ ಕೈ ಹಾಕ್ಬೇಡಿ, ಅನುಭವ ಇಲ್ದಿದ್ರೆ ಮೆಕ್ಯಾನಿಕ್ ಕೈಲೇ ಮಾಡ್ಸಿ.

ಹಾಗಾದ್ರೆ ಪಂಪ್ ಅಂದಿದ್ದೇ ಸರಿ ಆಯ್ತಲ್ಲ ಅಂತ ಅನ್ಸುತ್ತೆ. ಅದಕ್ಕೂ ಮುಂಚೆ ಪಂಪ್‌ಗೆ ಕರೆಂಟ್ ಎಷ್ಟು ಹೋಗ್ತಿದೆ ಅಂತ ನೋಡ್ಲೇಬೇಕು. ಹಿಂದಿನ ಸೀಟ್ ಎತ್ತಿ, ಪಂಪ್ ಮೇಲಿನ ಕನೆಕ್ಟರ್‌ಗೆ ಮಲ್ಟಿಮೀಟರ್ ಹಿಡಿದಾಗ, ಬ್ಯಾಟರಿ ಹತ್ರ 13.9 ವೋಲ್ಟ್ ಇದ್ರೆ ಇಲ್ಲಿ 11.2 ಮಾತ್ರ. ಅರ್ಧ ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಕಳ್ದೋಗಬಾರ್ದು. ಕನೆಕ್ಟರ್ ಬಿಚ್ಚಿದಾಗ ನೆಗೆಟಿವ್ ಪಿನ್ ಇರೋ ಕಡೆ ಬಿಳೀ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಅಂಚು ಸ್ವಲ್ಪ ಕರಗಿ ಒಳಗೆ ಕುಸಿದಿತ್ತು, ಪಿನ್ ಮೇಲೆ ಹೊಳಪೇ ಇಲ್ಲ, ಉಗುರಲ್ಲಿ ಕೆರೆದ್ರೆ ಕಪ್ಪು ಪುಡಿ ಬರ್ತಿತ್ತು, ಹತ್ರ ಮೂಗು ತಂದ್ರೆ ಸುಟ್ಟ ವೈರ್ ವಾಸನೆ. ಪಿನ್ನಿನ ಹಿಡಿತ ಸಡಿಲ ಆಗಿ ಬಿಸಿ ಆಗ್ತಿತ್ತು, ಬಿಸಿ ಆದಷ್ಟೂ ತಡೆ ಜಾಸ್ತಿ, ತಡೆ ಜಾಸ್ತಿ ಆದಷ್ಟೂ ಇನ್ನೂ ಬಿಸಿ, ಪಂಪ್‌ಗೆ ವೋಲ್ಟೇಜ್ ಇಳಿದು ಸ್ಪೀಡ್ ಇಳೀತಿತ್ತು. ಐಡಲಲ್ಲಿ ಬೇಕಾಗಿರೋ ಚೂರು ಪೆಟ್ರೋಲ್‌ಗೆ ಅದು ಸಾಕಾಗ್ತಿತ್ತು, ಏರಲ್ಲಿ ಸಾಲ್ತಿರ್ಲಿಲ್ಲ, ಹತ್ತು ನಿಮಿಷ ನಿಲ್ಸಿದ್ರೆ ಪಿನ್ ತಣ್ಣಗಾಗಿ ಮತ್ತೆ ಎಲ್ಲಾ ಸರಿ. ಗುಣಲಕ್ಷಣ ಪೂರ್ತಿ ತಾಳೆ ಆಯ್ತು. ಕನೆಕ್ಟರ್ ಮತ್ತು ಟರ್ಮಿನಲ್ ಹೊಸದು ಹಾಕಿ ವೈರ್ ಕ್ರಿಂಪ್ ಮಾಡಿದ ಮೇಲೆ ಪಂಪ್ ಹತ್ರ 13.6, ಅದೇ ಏರಲ್ಲಿ ಆಕ್ಸಿಜನ್ ಸೆನ್ಸರ್ ಗೆರೆ 0.88ರಲ್ಲಿ ಕದಲದೆ ನಿಂತಿತ್ತು. ಸುಟ್ಟ ಕನೆಕ್ಟರ್‌ಗೇ ಹೊಸ ಪಂಪ್ ಸಿಕ್ಸಿದ್ರೆ ಸ್ವಲ್ಪ ದಿನ ಸರಿ ಇದ್ದು ಮತ್ತೆ ಅದೇ ಕಥೆ ಆಗ್ತಿತ್ತು. ರಿಪೇರಿ ಆದ ಮೇಲೆ ಅದೇ ರಸ್ತೆಯಲ್ಲಿ ಅದೇ ಗ್ರಾಫ್ ತೆಗೆದು ಪಕ್ಕ ಪಕ್ಕ ಇಟ್ಟು ನೋಡೋಕಾಗೋದು ಈ ಡಾಂಗಲ್‌ನ ಇನ್ನೊಂದು ದೊಡ್ಡ ಉಪಕಾರ, ಸರಿ ಹೋಗಿದೆ ಅನ್ಸುತ್ತೆ ಅನ್ನೋ ಮಾತೇ ಇರಲ್ಲ.

ಗಾಳಿ ಸಾಲದೆ ಇರೋ ಕೇಸ್ ನೋಡಿದ್ದು ಸ್ನೇಹಿತರೊಬ್ರ ಗಾಡಿಯಲ್ಲಿ. ಅದರಲ್ಲಿ ಟ್ರಿಮ್ ಎಲ್ಲಾ ಕಡೆ ಸರಿಯಾಗೇ ಇತ್ತು, ಪೂರ್ತಿ ಪೆಡಲಲ್ಲಿ ಆಕ್ಸಿಜನ್ ಸೆನ್ಸರ್ 0.9 ತೋರಿಸ್ತಿತ್ತು, ಆದ್ರೆ ಏರ್‌ಫ್ಲೋ ರೀಡಿಂಗ್ ಬರಬೇಕಾದ್ದರಲ್ಲಿ ಅರ್ಧಕ್ಕೇ ನಿಂತೋಗಿ 3000 ಆರ್‌ಪಿಎಂ ಮೇಲೆ ಗಾಡಿ ಹೋಗ್ತಾನೇ ಇರ್ಲಿಲ್ಲ. ಮಿಶ್ರಣ ಸರಿ, ಗಾಳಿನೇ ಕಮ್ಮಿ, ಅಂದ್ರೆ ಒಳಗೆ ಬರೋ ದಾರಿ ಕಟ್ಟಿದೆ ಇಲ್ಲಾ ಹೊರಗೆ ಹೋಗೋ ದಾರಿ ಕಟ್ಟಿದೆ. ಏರ್ ಫಿಲ್ಟರ್ ತೆಗೆದು ನೋಡೋಕೆ ಎರಡು ನಿಮಿಷ, ಅದು ಚೆನ್ನಾಗಿತ್ತು. ಹೊರಗಿನ ದಾರಿಗೆ ವ್ಯಾಕ್ಯೂಮ್ ಗೇಜ್ ಬೇಕು. ಇದು ಬ್ಯಾಟರಿ ಬೇಡದ, ಆ್ಯಪ್ ಬೇಡದ, ಒಂದು ಮುಳ್ಳು ಒಂದು ರಬ್ಬರ್ ಪೈಪ್ ಇರೋ ಹಳೇ ಕಾಲದ ಉಪಕರಣ, ಡಾಂಗಲ್ ಜೊತೆ ತಗೋಳ್ಳೇಬೇಕು ಅಂತ ನಾನು ಎಲ್ರಿಗೂ ಹೇಳ್ತೀನಿ. ಇನ್‌ಟೇಕ್ ಮ್ಯಾನಿಫೋಲ್ಡ್‌ನ ಯಾವ್ದಾದ್ರೂ ವ್ಯಾಕ್ಯೂಮ್ ಪೈಪ್‌ಗೆ ಸೇರಿಸಿದ್ರೆ ಆರೋಗ್ಯವಾಗಿರೋ ಇಂಜಿನ್ ಐಡಲಲ್ಲಿ ಸಮುದ್ರ ಮಟ್ಟದಲ್ಲಿ 17ರಿಂದ 22 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತೆ, ಎತ್ತರದ ಜಾಗದಲ್ಲಿ ಪ್ರತಿ 300 ಮೀಟರ್‌ಗೆ ಸುಮಾರು 1 ಇಂಚು ಕಮ್ಮಿ. ಆಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ನಿಲ್ಸಿ. ಮುಳ್ಳು ಮೇಲೆ ಬಂದು ಅಲ್ಲೇ ನಿಂತ್ರೆ ಸರಿ. ಆ ಗಾಡಿಯಲ್ಲಿ ಮುಳ್ಳು ಮೇಲೆ ಬಂದು, ಪೆಡಲ್ ಒಂಚೂರೂ ಅಲ್ಲಾಡಿಸದೆ ಇದ್ರೂ, ನಿಧಾನಕ್ಕೆ ಕೆಳಗೆ ಜಾರ್ತಾನೇ ಇತ್ತು, ನೋಡ್ತಾ ನೋಡ್ತಾ 10ಕ್ಕಿಂತ ಕೆಳಗೆ. ಹೊಗೆ ಹೊರಗೆ ಹೋಗದೆ ಹಿಂದಕ್ಕೆ ಒತ್ತುತ್ತಿದೆ ಅಂತ ಅರ್ಥ. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿ ನೋಡಿದಾಗ 2500ರಲ್ಲಿ 3 ಪಿಎಸ್‌ಐ ಮೀರಿ ಏರ್ತಿತ್ತು, ಒಳಗಿನ ಜೇನುಗೂಡು ಮುರಿದು ಬಿದ್ದು ಅಡ್ಡ ನಿಂತಿತ್ತು. ಕನ್ವರ್ಟರ್ ತಾನಾಗೇ ಹಾಳಾಗೋದು ಕಮ್ಮಿ. ಕಿಡಿ ಕೊಡೋ ಕಾಯಿಲ್ ಕೆಟ್ಟು ಒಂದು ಸಿಲಿಂಡರ್ ತುಂಬಾ ದಿನದಿಂದ ಮಿಸ್ಸಿಂಗ್ ಹೊಡೀತಿತ್ತು, ಉರಿಯದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಅದನ್ನ ಕರಗಿಸಿತ್ತು. ಆ ಕಾಯಿಲ್ ಸರಿ ಮಾಡ್ದೆ ಕನ್ವರ್ಟರ್ ಬದಲಾಯ್ಸಿದ್ರೆ ಹೊಸದಕ್ಕೂ ಅದೇ ಗತಿ.

ವ್ಯಾಕ್ಯೂಮ್ ಗೇಜ್ ಇನ್ನೂ ಕೆಲವು ವಿಷಯ ಹೇಳುತ್ತೆ, ಡಾಂಗಲ್‌ಗೆ ಅವು ಕಾಣಲ್ಲ. ಮುಳ್ಳು ಅಲ್ಲಾಡದೆ 10-15ರಲ್ಲಿ ಕಮ್ಮಿಯಾಗಿ ನಿಂತಿದ್ರೆ ಟೈಮಿಂಗ್ ಬೆಲ್ಟ್ ಹಲ್ಲು ಜಾರಿದ್ಯಾ, ಚೈನ್ ಉದ್ದ ಆಗಿದ್ಯಾ ಅಂತ ನೋಡ್ಬೇಕು. ಒಂದೇ ತಾಳದಲ್ಲಿ ಟಕ್ ಟಕ್ ಅಂತ ಕೆಳಗೆ ಬಡೀತಿದ್ರೆ ಒಂದು ವಾಲ್ವ್ ಕೂರ್ತಿಲ್ಲ, ಆಗ ಕಂಪ್ರೆಶನ್ ಟೆಸ್ಟ್.

ಈಗ ಡಾಂಗಲ್‌ನ ತೊಂದರೆಗಳು, ಇವು ಕಮ್ಮಿ ಏನಿಲ್ಲ. ಹಳೇ ಗಾಡಿಗಳಲ್ಲಿ ದೊಡ್ಡ ತೊಂದರೆ ಸ್ಪೀಡ್. ಕ್ಯಾನ್ (ಹೊಸ ಗಾಡಿಗಳ ವೇಗದ ಡೇಟಾ ಜಾಲ) ಬರೋ ಮುಂಚಿನ ಗಾಡಿಗಳು ಬಹುಪಾಲು ಕೆ-ಲೈನ್ ಅನ್ನೋ ಒಂದೇ ವೈರಲ್ಲಿ ಸೆಕೆಂಡಿಗೆ 10.4 ಕಿಲೋಬಿಟ್ ವೇಗದಲ್ಲಿ ಮಾತಾಡ್ತವೆ, ಕ್ಯಾನ್ ಅಂದ್ರೆ 500. ಆ್ಯಪಲ್ಲಿ ಹತ್ತು ಮೀಟರ್ ಚೆಂದಕ್ಕೆ ಜೋಡಿಸ್ಕೊಂಡ್ರೆ ಒಂದೊಂದೂ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತೆ, ಪಿಕಪ್ ಸತ್ತ ಕ್ಷಣ ಆ ಸಂದಿಯಲ್ಲೇ ಕಳ್ದೋಗುತ್ತೆ. ಹಂಗಾಗಿ ಒಂದು ಸಲಕ್ಕೆ ಎರಡು, ಹೆಚ್ಚಂದ್ರೆ ಮೂರು ಮಾತ್ರ ಆರಿಸ್ಕೊಂಡು ಓಡ್ಸಿ, ಆರ್‌ಪಿಎಂ ಯಾವಾಗ್ಲೂ ಇರ್ಲಿ, ಜೊತೆಗೆ ಒಂದ್ಸಲ ಆಕ್ಸಿಜನ್ ಸೆನ್ಸರ್, ಇನ್ನೊಂದ್ಸಲ ಏರ್‌ಫ್ಲೋ, ಹೀಗೆ. ಮಾಮೂಲಿ ಆಕ್ಸಿಜನ್ ಸೆನ್ಸರ್ ಬದಲು ಏರ್-ಫ್ಯೂಯಲ್ ಸೆನ್ಸರ್ ಇರೋ ಗಾಡಿಗಳಲ್ಲಿ ಮೇಲೆ ಹೇಳಿದ 0.9ರ ಲೆಕ್ಕ ನಡಿಯಲ್ಲ, ಅಲ್ಲಿ ಲ್ಯಾಂಬ್ಡಾ (ಸರಿಯಾದ ಮಿಶ್ರಣಕ್ಕೆ ಹೋಲಿಸಿದ ಗಾಳಿ-ಪೆಟ್ರೋಲ್ ಅನುಪಾತ) ನೋಡ್ಬೇಕು, 1ಕ್ಕಿಂತ ಕಮ್ಮಿ ಇದ್ರೆ ದಪ್ಪ, ಜಾಸ್ತಿ ಇದ್ರೆ ತೆಳು.

ಇನ್ನೊಂದು ನಕಲಿ ಚಿಪ್ ವಿಷಯ. ಇಎಲ್‌ಎಂ327 ಅನ್ನೋದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡಿದ ಚಿಪ್ಪು, ಆ ಕಂಪನಿ 2022ರಲ್ಲಿ ಮುಚ್ಚಿತು, ಇವತ್ತು ಸಿಗೋ ಅಗ್ಗದ ಡಾಂಗಲ್‌ಗಳಲ್ಲಿ ಇರೋದು ಹೆಚ್ಚಾಗಿ ಅದರ ನಕಲು. ವರ್ಷನ್ 1.5 ಅಂತ ಎಲ್ಲಾ ಕಡೆ ಬರ್ದಿರುತ್ತೆ, ಮೂಲ ಕಂಪನಿ ಆ ನಂಬರಿನ ಚಿಪ್ಪನ್ನ ಬಿಡುಗಡೆನೇ ಮಾಡಿರ್ಲಿಲ್ಲ. ನಕಲು ಅಂದ ಮಾತ್ರಕ್ಕೆ ಕೆಲಸ ಮಾಡಲ್ಲ ಅಂತಲ್ಲ, ಆದ್ರೆ ನಾನು ಮೊದ್ಲು ತಗೊಂಡಿದ್ದು ಹೆಸರೇ ಇಲ್ಲದ್ದು, ಕ್ಯಾನ್ ಇರೋ ಗಾಡಿಗೆ ಕನೆಕ್ಟ್ ಆಗ್ತಿತ್ತು, ಕೆ-ಲೈನ್ ಗಾಡಿಗೆ ಆಗ್ತಾನೇ ಇರ್ಲಿಲ್ಲ, ಬಿಚ್ಚಿ ನೋಡಿದ್ರೆ ಆ ಪಿನ್‌ಗೆ ಬೇಕಾದ ಭಾಗಗಳನ್ನೇ ಬೋರ್ಡ್ ಮೇಲೆ ಕೂರ್ಸಿರ್ಲಿಲ್ಲ. ಎರಡನೇದು ಸ್ವಲ್ಪ ದೊಡ್ಡ ಗಾತ್ರದ್ದು, ಆನ್ ಆಫ್ ಸ್ವಿಚ್ ಇರೋದು, ಅದರಲ್ಲೇ ಮೇಲಿನ ಎಲ್ಲಾ ಕೆಲಸ ಆಗಿದ್ದು, ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಒಮ್ಮೊಮ್ಮೆ ಕನೆಕ್ಷನ್ ಬಿಡುತ್ತೆ, ತೆಗೆದು ಹಾಕಿದ್ರೆ ಸರಿ ಹೋಗುತ್ತೆ.

ಸ್ವಿಚ್ ಇರೋದನ್ನೇ ತಗೊಳ್ಳಿ ಅನ್ನೋಕೆ ಕಾರಣ ಇದೆ. ಆ ಸಾಕೆಟ್‌ನ 16ನೇ ಪಿನ್‌ಗೆ ಬ್ಯಾಟರಿ ನೇರವಾಗಿ ಬಂದಿರುತ್ತೆ, ಕೀ ತೆಗೆದ್ರೂ ಡಾಂಗಲ್ ಕರೆಂಟ್ ಕುಡೀತಾನೇ ಇರುತ್ತೆ, ವಾರಗಟ್ಟಲೆ ನಿಲ್ಲೋ ಹಳೇ ಗಾಡಿಯ ಬ್ಯಾಟರಿಗೆ ಅದು ಒಳ್ಳೇದಲ್ಲ. ಪೇರಿಂಗ್ ಪಿನ್ ಸಾಮಾನ್ಯವಾಗಿ 1234 ಇಲ್ಲಾ 0000 ಇರುತ್ತೆ, ಅಂದ್ರೆ ಹತ್ರ ನಿಂತ ಯಾರು ಬೇಕಾದ್ರೂ ಕನೆಕ್ಟ್ ಆಗಬಹುದು, ಹಂಗಾಗಿ ಕೆಲಸ ಆದ ಮೇಲೆ ಕಿತ್ತು ಇಡೋದೇ ಸರಿ. ಮಾಮೂಲಿ ಬ್ಲೂಟೂತ್‌ದು ಆಂಡ್ರಾಯ್ಡ್‌ಗೆ ಸಾಕು, ಐಫೋನ್ ಇದ್ರೆ ವೈಫೈ ಅಥವಾ ಬಿಎಲ್ಇ (ಬ್ಲೂಟೂತ್ ಲೋ ಎನರ್ಜಿ) ಇರೋದು ಬೇಕು. ಆ್ಯಪಲ್ಲಿ ನಾನು ಟಾರ್ಕ್ ಮತ್ತು ಕಾರ್ ಸ್ಕ್ಯಾನರ್ ಎರಡೂ ಬಳಸಿದೀನಿ, ರೆಕಾರ್ಡಿಂಗ್ ತೆಗೆದು ಆಮೇಲೆ ನಿಧಾನವಾಗಿ ನೋಡೋಕೆ ಎರಡೂ ಪರವಾಗಿಲ್ಲ.

ಡೀಸೆಲ್ ಗಾಡಿಯವ್ರಿಗೆ ನೋಡೋ ಜಾಗ ಬೇರೆ. ಟರ್ಬೋ ಇದ್ರೆ ಮ್ಯಾಪ್ ಸೆನ್ಸರ್ ಲೋಡಲ್ಲಿ 100 ದಾಟಿ ಚೆನ್ನಾಗಿ ಏರ್ಬೇಕು, ಏರದೆ ಪಿ0299 ಬಂದ್ರೆ ಟರ್ಬೋ ಬಿಚ್ಚೋ ಮುಂಚೆ ಇಂಟರ್‌ಕೂಲರ್ ಹೋಸ್‌ಗಳನ್ನ ಕೈಯಲ್ಲಿ ತಡವಿ ನೋಡಿ, ಕ್ಲಾಂಪ್ ಹತ್ರ ಎಣ್ಣೆ ಜಿಡ್ಡಿನ ಜೊತೆ ಸೀಳು ಸಿಗೋದು ಸಾಮಾನ್ಯ. ಪಿ0087 ಬಂದ್ರೆ ರೈಲ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಕೊಡೋ ಪೈಪ್) ಪ್ರೆಶರ್ ಕಮ್ಮಿ, ಮೊದ್ಲು ಡೀಸೆಲ್ ಫಿಲ್ಟರ್. ಬಿಸಿ ಆದಾಗ ಪೂರ್ತಿ ಆಫ್ ಆಗಿ ತಣ್ಣಗಾದ ಮೇಲೆ ಸ್ಟಾರ್ಟ್ ಆಗೋ ಗಾಡಿಯಾದ್ರೆ, ಪೆಟ್ರೋಲ್ ಆಗ್ಲಿ ಡೀಸೆಲ್ ಆಗ್ಲಿ, ಸ್ಟಾರ್ಟರ್ ಹೊಡೆಯುವಾಗ ಆರ್‌ಪಿಎಂ ಬರ್ತಿದ್ಯಾ ನೋಡಿ, ಇಂಜಿನ್ ತಿರುಗ್ತಿದ್ರೂ ಸೊನ್ನೆ ತೋರಿಸಿದ್ರೆ ಇಂಜಿನ್ ತಿರುಗೋದನ್ನ ಅಳೆಯೋ ಕ್ರ್ಯಾಂಕ್ ಸೆನ್ಸರ್ ಮೇಲೆ ಮೊದಲ ಅನುಮಾನ.

ತಗೊಂಡ ದಿನವೇ, ವಾಪಸ್ ಕೊಡೋ ಅವಕಾಶ ಇರೋವಾಗ್ಲೇ, ಡಾಂಗಲ್ ಸಿಕ್ಸಿ ಗಾಡಿ ಬಿಸಿ ಮಾಡಿ ಇಪ್ಪತ್ತು ನಿಮಿಷ ರೆಕಾರ್ಡಿಂಗ್ ಹಾಕಿ ಬಿಡಿ. ಮಧ್ಯೆ ಕನೆಕ್ಷನ್ ಬಿಡದೆ, ಆರ್‌ಪಿಎಂ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣದೆ, ಫ್ಯೂಯಲ್ ಟ್ರಿಮ್ ಎರಡೂ ಬಂದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ಯೋಚನೆ ಮಾಡ್ದೆ ವಾಪಸ್ ಕೊಡಿ. ಇಟ್ಕೊಂಡ್ರೆ ಗಾಡಿ ಚೆನ್ನಾಗಿರೋವಾಗ್ಲೇ ಐಡಲ್‌ದು ಒಂದು, ಪೂರ್ತಿ ಪೆಡಲಲ್ಲಿ ಏರು ಹತ್ತೋದು ಒಂದು, ಹೀಗೆ ಎರಡು ರೆಕಾರ್ಡಿಂಗ್ ತೆಗೆದು ಫೋನಲ್ಲಿ ಉಳಿಸ್ಕೊಳ್ಳಿ, ಮುಂದೆ ಪಿಕಪ್ ಹೋದ ದಿನ ಹೋಲಿಸಿ ನೋಡೋಕೆ ನಿಮ್ಮ ಗಾಡಿಯದೇ ನಂಬರ್ ಕೈಲಿರುತ್ತೆ.